ಹೋದ ಥ್ರೆಡ್‌ಗೆ ಮತ್ತೆ ಹಿಡಿತ

ನಂಜನಗೂಡಿನಿಂದ ತಿ. ನರಸೀಪುರದವರೆಗೆ, ಕಪಿಲೆಯ ಎರಡೂ ದಡದ ಊರುಗಳ ಗಾಡಿಗಳು ನನ್ನ ಕೈಗೆ ಬರುತ್ತವೆ. ಡೇರಿಗೆ ಹಾಲಿನ ಕ್ಯಾನ್ ಹೊರುವ ಸ್ಪ್ಲೆಂಡರ್, ಗದ್ದೆ ಬದುವಿನಲ್ಲಿ ಹುಲ್ಲಿನ ಹೊರೆ ಹೊತ್ತು ಬರುವ ಎಕ್ಸ್‌ಎಲ್, ತಾಂಡ್ಯದ ಕಾರ್ಖಾನೆಗಳ ಶಿಫ್ಟಿಗೆ ಓಡುವ ಪಲ್ಸರ್, ಅಪ್ಪನ ಕಾಲದಿಂದ ಹಟ್ಟಿಯಲ್ಲೇ ನಿಂತಿರುವ ಜಾವಾ. ಪಿಸ್ಟನ್, ರಿಂಗು, ಕ್ಲಚ್ ಪ್ಲೇಟು ಕೆಟ್ಟರೆ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಕ್ರ್ಯಾಂಕ್‌ಕೇಸಿನ ಒಂದು ತೂತಿನ ಥ್ರೆಡ್ ಹೋದರೆ ಆ ತೂತನ್ನು ಯಾರೂ ಮಾರುವುದಿಲ್ಲ. ಇಡೀ ಕೇಸ್ ಬದಲಿಸಬೇಕು, ಇಲ್ಲವೇ ಅದೇ ತೂತಿಗೆ ಮತ್ತೆ ಹಿಡಿತ ತರಿಸಬೇಕು.

ಆ ಹಿಡಿತ ತರಿಸುವುದರಲ್ಲಿ ಎರಡು ಬಗೆಯುಂಟು. ಬೋಲ್ಟ್ ಈಗ ನಿಂತರೆ ಸಾಕು ಎನ್ನುವ ರಿಪೇರಿ ಒಂದು. ಮುಂದೆ ಬೇರೊಬ್ಬ ಮೆಕ್ಯಾನಿಕ್ ಅದೇ ಬೋಲ್ಟನ್ನು ಸಲೀಸಾಗಿ ಬಿಚ್ಚಿ, ಸಲೀಸಾಗಿ ಹಾಕುವಂತಿರುವ ರಿಪೇರಿ ಇನ್ನೊಂದು. ನನ್ನ ಬೆಂಚಿಗೆ ಬರುವ ಕೆಟ್ಟ ತೂತುಗಳಲ್ಲಿ ಬಹಳಷ್ಟು ಮೊದಲ ಬಗೆಯ ರಿಪೇರಿಯನ್ನು ಒಮ್ಮೆಯಾದರೂ ಕಂಡಂಥವು. ಇಲ್ಲಿ ಬರೆದಿರುವುದೆಲ್ಲ ಎರಡನೆಯ ಬಗೆಗಾಗಿ.

1. ಆ ತೂತಿನ ಕೆಲಸ ಏನೆಂದು ಮೊದಲು ತಿಳಿಯಿರಿ

ಒಂದೇ ಅಳತೆಯ ಎರಡು ಬೋಲ್ಟ್‌ಗಳ ಕೆಲಸ ಒಂದೇ ಆಗಿರುವುದಿಲ್ಲ. ಕ್ಲಚ್ ಕವರಿನ 6 ಮಿ.ಮೀ. ಬೋಲ್ಟ್ ಗ್ಯಾಸ್ಕೆಟ್ಟನ್ನು ಒತ್ತಿಹಿಡಿದರೆ ಸಾಕು. ಡ್ರೈನ್ ಬೋಲ್ಟ್ ಆಯಿಲ್ ಬದಲಿಸಿದಾಗಲೆಲ್ಲ ಬಿಚ್ಚಿಕೊಳ್ಳಬೇಕು, ಹನಿಯನ್ನೂ ತಡೆಯಬೇಕು. ಸಿಲಿಂಡರ್ ಸ್ಟಡ್ಡನ್ನು ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ, ಆದರೆ ಎಂಜಿನ್ ಉರಿದ ಪ್ರತಿ ಸಲವೂ ಅದರ ಮೇಲೆ ಎಳೆತ ಬೀಳುತ್ತದೆ. ಪ್ಲಗ್ ತೂತಿಗೆ ಬೆಂಕಿ, ಒತ್ತಡ, ಬಿಚ್ಚಿ ಹಾಕುವ ಸವೆತ ಮೂರೂ ಸೇರುತ್ತವೆ. ಕವರ್ ಬೋಲ್ಟಿಗೆ ಸಾಕಾಗುವ ಉಪಾಯ ಸ್ಟಡ್ಡಿಗೆ ಸಾಲದು, ಡ್ರೈನ್ ಬೋಲ್ಟಿಗೆ ಒಗ್ಗುವುದು ಪ್ಲಗ್ಗಿಗೆ ಒಗ್ಗದು.

ಗಾಡಿ ತಂದವರು ಹೇಳುವುದು ಒಂದೇ ಮಾತು: "ಅಣ್ಣ, ಬೋಲ್ಟ್ ಸುಮ್ನೆ ತಿರುಗ್ತಾ ಅದೆ, ಹಿಡೀತಾನೇ ಇಲ್ಲ." ಯಾವ ಬೋಲ್ಟ್, ಕೊನೆಗೆ ಬಿಚ್ಚಿದ್ದು ಯಾವಾಗ, ಅದಕ್ಕೆ ಮೊದಲು ಏನಾದರೂ ಅಂಟಿಸಿದ್ದರೇ ಎಂದು ಕೇಳಿದ ಮೇಲೆಯೇ ನಾನು ಸ್ಪ್ಯಾನರ್ ಮುಟ್ಟುವುದು. ತಿರುಗುತ್ತಿರುವ ಬೋಲ್ಟನ್ನು ಇನ್ನಷ್ಟು ತಿರುಗಿಸಿ ನೋಡಿದರೆ ಉಳಿದಿದ್ದ ಒಂದೆರಡು ಸುತ್ತಿನ ಥ್ರೆಡ್ಡೂ ಹೋಗುತ್ತದೆ.

2. ಹನಿಯನ್ನು ನಿಲ್ಲಿಸುವುದು ವಾಷರ್, ಬಿಗಿ ಅಲ್ಲ

ಡ್ರೈನ್ ಬೋಲ್ಟ್ ಕೆಡುವ ದಾರಿ ಹೆಚ್ಚುಕಡಿಮೆ ಎಲ್ಲ ಗಾಡಿಗಳಲ್ಲೂ ಒಂದೇ. ಆಯಿಲ್ ಬದಲಿಸಿದವರು ಹಳೆಯ ವಾಷರನ್ನೇ ಮತ್ತೆ ಹಾಕುತ್ತಾರೆ. ಅಲ್ಯೂಮಿನಿಯಂ ಅಥವಾ ತಾಮ್ರದ ಆ ವಾಷರ್ ಒಮ್ಮೆ ಒತ್ತಿಕೊಂಡು ಗಟ್ಟಿಯಾಗಿರುತ್ತದೆ, ಮತ್ತೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಎರಡು ದಿನದ ಮೇಲೆ ಒಂದು ಹನಿ ಕಾಣುತ್ತದೆ. "ಒಂಚೂರು ಟೈಟ್ ಮಾಡ್ಕೊಡಿ" ಎಂದು ಬರುತ್ತಾರೆ. ಬಿಗಿ ಮಾಡುತ್ತಾರೆ. ಮತ್ತೆ ಹನಿ, ಮತ್ತೆ ಬಿಗಿ. ಬೋಲ್ಟ್ ಉಕ್ಕಿನದು, ಕೇಸ್ ಅಲ್ಯೂಮಿನಿಯಂನದು. ಸೋಲುವುದು ಯಾವಾಗಲೂ ಕೇಸ್. ಒಂದು ದಿನ ಬೋಲ್ಟಿನ ಜೊತೆಗೇ ಕೇಸಿನ ಥ್ರೆಡ್ಡು ತಂತಿಯ ಸುರುಳಿಯಾಗಿ ಹೊರಗೆ ಬರುತ್ತದೆ.

ಎಷ್ಟು ಬಲ ಬೇಕೆಂದು ಕೈಗೆ ಅರ್ಥವಾಗಬೇಕಾದರೆ ಲೆಕ್ಕ ಹಾಕಿ ನೋಡಿ. ಅಲ್ಯೂಮಿನಿಯಂ ಕವರಿನ 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ಹೇಳುವ ಬಿಗಿ ಸುಮಾರು 10 ನ್ಯೂಟನ್ ಮೀಟರ್. 15 ಸೆಂ.ಮೀ. ಉದ್ದದ ರಿಂಗ್ ಸ್ಪ್ಯಾನರಿನ ತುದಿಯಲ್ಲಿ ಅದು ಸುಮಾರು 7 ಕೆ.ಜಿ. ಎಳೆತ. ನಮ್ಮ ಹುಡುಗರ ತೋಳಿಗೆ 7 ಕೆ.ಜಿ. ಏನೂ ಅಲ್ಲ, ಅದಕ್ಕೇ ತೊಂದರೆ. 12 ಮಿ.ಮೀ. ಡ್ರೈನ್ ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್ ಸಾಕು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಉದ್ದವನ್ನು ಎರಡರಷ್ಟು ಮಾಡಿದರೆ ಅದೇ ಕೈ ಎರಡರಷ್ಟು ತಿರುಚುತ್ತದೆ. ಡ್ರೈನ್ ಬೋಲ್ಟಿಗೆ ಪೈಪು ಸಿಕ್ಕಿಸುವುದನ್ನು ನನ್ನ ಶೆಡ್ಡಿನಲ್ಲಿ ನಾನು ಬಿಡುವುದಿಲ್ಲ. ಹೊಸ ವಾಷರ್ ಹಾಕಿ, ಬೋಲ್ಟನ್ನು ಕೈಬೆರಳಿನಲ್ಲೇ ಕೊನೆಯವರೆಗೆ ತಿರುಗಿಸಿ, ಆಮೇಲಷ್ಟೇ ಸ್ಪ್ಯಾನರ್. ಬೆರಳಿಗೆ ಬಾರದೆ ಸ್ಪ್ಯಾನರನ್ನೇ ಕೇಳುವ ಬೋಲ್ಟ್ ಅಡ್ಡ ಹಿಡಿದಿದೆ ಎಂದೇ ಅರ್ಥ.

3. ಕಪಿಲೆ ಉಕ್ಕಿದ ಮಳೆಗಾಲದ ಗಾಡಿಗಳು

2018ರಲ್ಲೂ 2019ರಲ್ಲೂ ಕಬಿನಿ ಜಲಾಶಯದಿಂದ ಬಿಟ್ಟ ನೀರು ಸೇರಿ ಕಪಿಲೆ ಉಕ್ಕಿತು. ಮಲ್ಲನಮೂಲೆ ಮಠದ ಹತ್ತಿರ ಮೈಸೂರು–ನಂಜನಗೂಡು ಹೆದ್ದಾರಿಯೇ ಬಂದ್ ಆಯಿತು. ಅಂಥ ಮಳೆಗಾಲದ ಮುಂದಿನ ವಾರಗಳಲ್ಲಿ ಥ್ರೆಡ್ ಕೆಲಸ ಏಕೆ ಹೆಚ್ಚುತ್ತದೆ ಎಂಬುದನ್ನು ಹೊಳೆ ಪಕ್ಕದ ಊರಿನವರೆಲ್ಲ ತಿಳಿದಿರಬೇಕು.

ನೀರಿನಲ್ಲಿ ಮುಳುಗಿದ ಎಂಜಿನ್ನಿನ ಆಯಿಲ್ ಹಾಲಿನ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಒಮ್ಮೆ ಇಳಿಸಿದರೆ ಸಾಲದು. ಪ್ಲಗ್ ಬಿಚ್ಚಿ ಸಿಲಿಂಡರಿನ ನೀರು ತೆಗೆಯಬೇಕು. ಕೆಟ್ಟ ಆಯಿಲ್ ಇಳಿಸಿ, ಹೊಸದು ಹಾಕಿ, ಸ್ವಲ್ಪ ಹೊತ್ತು ನಿಧಾನಕ್ಕೆ ಓಡಿಸಿ, ಮತ್ತೆ ಇಳಿಸಬೇಕು. ಬಣ್ಣ ತಿಳಿಯಾಗುವವರೆಗೆ ಹೀಗೇ. ವರ್ಷಕ್ಕೆ ಕೆಲವೇ ಸಲ ಬಿಚ್ಚಬೇಕಾದ ಬೋಲ್ಟನ್ನು ಒಂದೇ ದಿನದಲ್ಲಿ ಅಷ್ಟು ಸಲ ಬಿಚ್ಚಿ ಹಾಕುತ್ತೇವೆ, ಅದೂ ಒಂದೇ ವಾಷರಿನಲ್ಲಿ, ಹತ್ತಾರು ಗಾಡಿ ಸಾಲುಗಟ್ಟಿ ನಿಂತಿರುವ ಆತುರದಲ್ಲಿ. ಜೊತೆಗೆ ನೆರೆ ಬಿಟ್ಟುಹೋದ ಮೆಕ್ಕಲು ಮಣ್ಣು ಬೋಲ್ಟಿನ ಸುತ್ತ ಒಣಗಿ ಕೂತಿರುತ್ತದೆ. ಅದರ ಮರಳು ಥ್ರೆಡ್ಡಿನೊಳಗೆ ಸೇರಿ ಉಜ್ಜುತ್ತದೆ.

ನೆರೆ ಗಾಡಿಗೆ ನಾನು ಮಾಡುವ ಕ್ರಮ ಹೀಗಿದೆ. ಮೊದಲು ವೈರ್ ಬ್ರಷ್ಷಿನಿಂದ ಬೋಲ್ಟಿನ ಸುತ್ತಲ ಮಣ್ಣು ತೆಗೆದು, ಸೀಮೆಎಣ್ಣೆ ಹಾಕಿ ತೊಳೆಯುವುದು. ಬಿಚ್ಚಿದ ಪ್ರತಿ ಸಲ ಬೋಲ್ಟಿನ ಥ್ರೆಡ್ಡನ್ನು ಬಟ್ಟೆಯಲ್ಲಿ ಒರೆಸುವುದು. ನಡುವಿನ ತೊಳೆಯುವ ಸುತ್ತುಗಳಲ್ಲಿ ಬೋಲ್ಟನ್ನು ಹನಿ ನಿಲ್ಲುವಷ್ಟೇ ಕೂರಿಸಿ, ಕೊನೆಯ ಸಲ ಮಾತ್ರ ಹೊಸ ವಾಷರಿನೊಂದಿಗೆ ಪೂರ್ತಿ ಬಿಗಿ ಕೊಡುವುದು. ತಲಕಾಡಿನ ಕಡೆಯ ಮರಳು ದಾರಿಯಲ್ಲಿ ಓಡಾಡುವ ಗಾಡಿಗಳಿಗೂ ಇದೇ ಕ್ರಮ.

ಥ್ರೆಡ್ ಹೋಗಿಯೇಬಿಟ್ಟಿದ್ದರೆ? 12 ಮಿ.ಮೀ., 1.5 ಪಿಚ್ಚಿನ (ಹಲ್ಲಿನಿಂದ ಹಲ್ಲಿಗೆ 1.5 ಮಿ.ಮೀ.) ತೂತಿಗೆ ಸುತ್ತಲೂ ದಪ್ಪ ಲೋಹ ಉಳಿದಿದ್ದರೆ 12.5 ಮಿ.ಮೀ. ಡ್ರಿಲ್ ಹಾಕಿ 14 ಮಿ.ಮೀ., 1.5 ಪಿಚ್ ಟ್ಯಾಪಿನಿಂದ ಥ್ರೆಡ್ ಕಡಿದು ಆ ಅಳತೆಯ ಬೋಲ್ಟ್ ಹಾಕಬಹುದು. ತಾನೇ ಥ್ರೆಡ್ ಕಡಿದುಕೊಂಡು ಹೋಗುವ ಓವರ್‌ಸೈಜ್ ಬೋಲ್ಟ್‌ಗಳೂ ಅಂಗಡಿಯಲ್ಲಿವೆ. ಅವು ಸೊಟ್ಟಗೆ ಇಳಿಯುವುದೇ ಹೆಚ್ಚು. ಬೋಲ್ಟಿನ ತಲೆ ಕೇಸಿನ ಮೇಲೆ ಸಮನಾಗಿ ಕೂರದಿದ್ದರೆ ಯಾವ ವಾಷರೂ ಹನಿ ತಡೆಯದು. ನಾನು ಅವನ್ನು ಬಳಸುವುದಿಲ್ಲ.

4. ಅಳೆದು ನೋಡದೆ ಟ್ಯಾಪ್ ಎತ್ತಬೇಡಿ

ಬೋಲ್ಟಿನ ದಪ್ಪ ಒಂದು ಅಳತೆ, ಪಿಚ್ ಇನ್ನೊಂದು. 10 ಮಿ.ಮೀ. ಬೋಲ್ಟ್ 1.25 ಪಿಚ್ಚಿನಲ್ಲೂ ಬರುತ್ತದೆ, 1.5ರಲ್ಲೂ ಬರುತ್ತದೆ. ಪಿಚ್ ಗೇಜ್ ಇಲ್ಲದಿದ್ದರೆ ಗೊತ್ತಿರುವ ಒಳ್ಳೆಯ ಬೋಲ್ಟನ್ನು ಪಕ್ಕಕ್ಕಿಟ್ಟು ಹಲ್ಲಿಗೆ ಹಲ್ಲು ಕೂಡಿಸಿ ಬೆಳಕಿಗೆ ಹಿಡಿಯಿರಿ.

ಹಳೆಯ ಬುಲೆಟ್ ಬಂದಾಗ ಇನ್ನೂ ಎಚ್ಚರ ಬೇಕು. ಅದರ ಬೇರು ಇಂಗ್ಲೆಂಡಿನದು, ಹಲವು ಬೋಲ್ಟ್‌ಗಳು ಇಂಚಿನ ಲೆಕ್ಕದವು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಗೊತ್ತುಮಾಡಿದ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್ ಥ್ರೆಡ್ಡಿನದು 60. ಕಾಲು ಇಂಚಿನ ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಬೋಲ್ಟಿನಲ್ಲಿ ಇಂಚಿಗೆ 26 ಸುತ್ತು, 6 ಮಿ.ಮೀ. ಮೆಟ್ರಿಕ್ ಬೋಲ್ಟಿನಲ್ಲಿ ಇಂಚಿಗೆ 25.4. ಇಷ್ಟು ಹತ್ತಿರ ಇರುವುದರಿಂದಲೇ ಮೋಸ. ಕಾಲು ಇಂಚಿನ ತೂತಿಗೆ 6 ಮಿ.ಮೀ. ಬೋಲ್ಟ್ ಸಡಿಲವಾಗಿ ಇಳಿಯುತ್ತದೆ, ಹಿಡಿದಂತೆಯೂ ಅನ್ನಿಸುತ್ತದೆ, ಬಿಗಿ ಕೊಟ್ಟಾಗ ಹಲ್ಲುಗಳ ತುದಿಯನ್ನೆಲ್ಲ ಕೆರೆದುಕೊಂಡು ಹೋಗುತ್ತದೆ. ಜೆಕ್ ಮೂಲದ ಜಾವಾದಲ್ಲಿ ಈ ತಾಪತ್ರಯವಿಲ್ಲ, ಅದು ಮೊದಲಿನಿಂದಲೂ ಮೆಟ್ರಿಕ್.

ತಿರುಗಿಸುವ ದಿಕ್ಕನ್ನೂ ನೋಡಿಕೊಳ್ಳಿ: ಯಮಹಾ ಗಾಡಿಗಳ ಬಲಗಡೆಯ ಕನ್ನಡಿಗೆ ಎಡ ಥ್ರೆಡ್ ಇರುತ್ತದೆ. ಸೈಕಲ್ಲಿನ ಎಡ ಪೆಡಲ್ಲಿಗೆ ಇರುವಂತೆಯೇ. ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿ ಮಾಡಿ ಹಾಳುಮಾಡಿದ ಕನ್ನಡಿ ತೂತುಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ.

5. ಟ್ಯಾಪ್ ನೇರ ಇಳಿಯಲಿ, ಚೂರು ಹೊರಗೆ ಬರಲಿ

ಡ್ರಿಲ್ ಅಳತೆ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. 6 ಮಿ.ಮೀ. ಬೋಲ್ಟಿಗೆ 5, 8ಕ್ಕೆ 6.8, 12 ಮಿ.ಮೀ. 1.5 ಪಿಚ್ಚಿಗೆ 10.5. ಟ್ಯಾಪ್ ಸೆಟ್ಟಿನಲ್ಲಿ ಮೂರು ಇರುವುದು ಕ್ರಮವಾಗಿ ಬಳಸಲಿಕ್ಕೆ. ತುದಿ ಸಣ್ಣಗಿರುವ ಮೊದಲನೆಯದು ದಾರಿ ಮಾಡುತ್ತದೆ, ಕೊನೆಯದು ತಳದವರೆಗೆ ಕಡಿಯುತ್ತದೆ. ಮೊದಲ ಎರಡು ಸುತ್ತಿನಲ್ಲಿ ಟ್ಯಾಪಿನ ಪಕ್ಕಕ್ಕೆ ಚಿಕ್ಕ ರೈಟ್ ಆಂಗಲ್ ಇಟ್ಟು ಎರಡು ಕಡೆಯಿಂದ ನೋಡಬೇಕು. ಅಲ್ಲಿ ಸೊಟ್ಟಗಾದದ್ದು ಆಮೇಲೆ ನೆಟ್ಟಗಾಗುವುದಿಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಒಳ್ಳೆಯದು.

ಟ್ಯಾಪಿನ ಸಂದುಗಳಿಗೆ ಗ್ರೀಸ್ ತುಂಬಿ. ಕಡಿದ ಚೂರು ಅದಕ್ಕೇ ಅಂಟಿಕೊಂಡು ಬರುತ್ತದೆ. ಅಲ್ಯೂಮಿನಿಯಂ ಚೂರನ್ನು ಅಯಸ್ಕಾಂತ ಎಳೆಯುವುದಿಲ್ಲ ಎಂಬುದನ್ನು ಕೆಲಸ ಕಲಿಯುವ ಹುಡುಗರಿಗೆ ಮೊದಲ ದಿನವೇ ಹೇಳಬೇಕು. ಡ್ರೈನ್ ತೂತಿನ ಕೆಲಸ ಮುಗಿದ ಮೇಲೆ ಆಯಿಲ್ ಹಾಕುವ ಬಾಯಿಯಿಂದ ಸ್ವಲ್ಪ ಆಯಿಲ್ ಸುರಿದು ಕೆಳಗಿನಿಂದ ಹರಿಯಲು ಬಿಡಿ. ಹರಿದದ್ದನ್ನು ಬಿಳಿ ಬಟ್ಟೆಯ ಮೇಲೆ ಹಿಡಿದು, ಮಿನುಗು ಕಾಣದಾಗುವವರೆಗೆ ತೊಳೆಯಿರಿ.

6. ಹೆಲಿಕಾಯಿಲ್: ದುಬಾರಿ ಅನ್ನಿಸುವ ಒಳ್ಳೆಯ ಕೆಲಸ

ಸ್ಟೇನ್‌ಲೆಸ್ ತಂತಿಯ ಸುರುಳಿ ಇದು. ಕೆಟ್ಟ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಅದರದ್ದೇ ಟ್ಯಾಪಿನಲ್ಲಿ ಥ್ರೆಡ್ ಕಡಿದು, ಸುರುಳಿಯನ್ನು ಒಳಗೆ ತಿರುಗಿಸಿದರೆ ಮೊದಲಿನ ಬೋಲ್ಟೇ ಕೂರುತ್ತದೆ. 6 ಮಿ.ಮೀ. ಬೋಲ್ಟಿಗೆ 6.3 ಮಿ.ಮೀ. ಡ್ರಿಲ್. ಸುರುಳಿಯ ಮೇಲ್ತುದಿ ಮುಖಕ್ಕಿಂತ ಅರ್ಧ ಸುತ್ತಿನಷ್ಟಾದರೂ ಕೆಳಗೆ ಇಳಿದಿರಬೇಕು, ಇಲ್ಲವಾದರೆ ಗ್ಯಾಸ್ಕೆಟ್ ಮುಖವನ್ನು ಎತ್ತಿಹಿಡಿಯುತ್ತದೆ. ತಳದ ಕೊಂಡಿಯನ್ನು ಮುರಿದು ಹೊರಗೆ ತೆಗೆಯುವುದನ್ನು ಮರೆಯಬಾರದು.

ಅಲ್ಯೂಮಿನಿಯಂನಲ್ಲಿ ಹಿಡಿತ ಬರುವುದು ಆಳದಿಂದ. ಬೋಲ್ಟಿನ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಆಳಕ್ಕೆ ಥ್ರೆಡ್ ಸಿಕ್ಕರೆ ನೆಮ್ಮದಿ. ಸಿಲಿಂಡರ್ ಸ್ಟಡ್ಡಿಗೆ ನಾನು ಹಾಕುವುದು ಹೆಲಿಕಾಯಿಲ್ ಒಂದೇ, ಅದೂ ಎಷ್ಟು ಉದ್ದದ್ದು ಹಿಡಿಯುತ್ತದೋ ಅಷ್ಟು ಉದ್ದದ್ದು. ಕೆಲವು ಎಂಜಿನ್‌ಗಳಲ್ಲಿ ಒಂದು ಸ್ಟಡ್ಡಿನ ಪಕ್ಕದಲ್ಲೇ ಹೆಡ್ಡಿಗೆ ಆಯಿಲ್ ಏರುವ ದಾರಿಯಿರುತ್ತದೆ. ಅಲ್ಲಿ ಡ್ರಿಲ್ಲಿಗೆ ಟೇಪು ಸುತ್ತಿ ಆಳ ಗುರುತಿಟ್ಟುಕೊಂಡೇ ಇಳಿಸಬೇಕು.

ಬೆಲೆ ಕೇಳಿ ಹಿಂಜರಿಯುವವರಿಗೆ ನಾನು ಹೇಳುವುದಿಷ್ಟೇ: ಉಕ್ಕಿನ ಬೋಲ್ಟ್ ಇನ್ನು ಮುಂದೆ ಉಕ್ಕಿನ ಮೇಲೆಯೇ ತಿರುಗುತ್ತದೆ. ಕಂಪನಿಯಿಂದ ಬಂದ ತೂತಿಗಿಂತ ಈ ತೂತು ಹೆಚ್ಚು ಸಲ ಬಿಚ್ಚಿ ಹಾಕುವುದನ್ನು ತಾಳಿಕೊಳ್ಳುತ್ತದೆ.

7. ಪ್ಲಗ್ ತೂತಿಗೆ ಹೆಡ್ ಬಿಚ್ಚಿ

ಹೆಡ್ ಗಾಡಿಯ ಮೇಲಿರುವಾಗಲೇ ಪ್ಲಗ್ ತೂತಿಗೆ ಟ್ಯಾಪ್ ಹೊಡೆಯುವವರಿದ್ದಾರೆ. ಗ್ರೀಸ್ ಎಷ್ಟೇ ಹಚ್ಚಿದರೂ ಒಂದು ಚೂರು ಒಳಗೆ ಬಿದ್ದರೆ ಅದು ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಗೀರು ಎಳೆಯುತ್ತದೆ, ಇಲ್ಲವೇ ವಾಲ್ವಿನ ಸೀಟಿನಲ್ಲಿ ಕೂರುತ್ತದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಹೆಡ್ ಬಿಚ್ಚುವುದು ಕೆಲವು ನಟ್‌ಗಳ ಕೆಲಸ. ಸ್ಪ್ಲೆಂಡರ್‌ನಂಥ ಫೋರ್ ಸ್ಟ್ರೋಕಿನಲ್ಲಿ ಟೈಮಿಂಗ್ ಚೈನ್ ಇಳಿಸಬೇಕು, ಗ್ಯಾಸ್ಕೆಟ್ ಹೊಸದು ಬೇಕು. ಆದರೂ ಬಿಚ್ಚಿ. ಸಮಯವಿಲ್ಲ ಎನ್ನುವವರಿಗೆ ನಾನು ಈ ಕೆಲಸ ಮಾಡಿಕೊಡುವುದಿಲ್ಲ.

ಸ್ಪ್ಲೆಂಡರ್‌ನಂಥ ನೂರು ಸಿಸಿ ಗಾಡಿಗಳ ಪ್ಲಗ್ 10 ಮಿ.ಮೀ., 1 ಪಿಚ್. ಹಳೆಯ ಜಾವಾ, ಬುಲೆಟ್‌ಗಳದ್ದು 14 ಮಿ.ಮೀ., 1.25 ಪಿಚ್. ಹತ್ತರ ಪ್ಲಗ್ಗಿಗೆ 10ರಿಂದ 12 ನ್ಯೂಟನ್ ಮೀಟರ್ ಬಿಗಿ ಸಾಕು. ಹದಿನಾಲ್ಕರದ್ದಕ್ಕೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25ರಿಂದ 30. ಸಣ್ಣ ಪ್ಲಗ್ಗಿಗೂ ದೊಡ್ಡ ಪ್ಲಗ್ಗಿನ ಬಿಗಿಯನ್ನೇ ಕೊಡುವ ಹಳೆಯ ಕೈ ನಮ್ಮ ಕಡೆ ಬಹಳ ಹೆಡ್‌ಗಳನ್ನು ತಿಂದಿದೆ. ಬಿಸಿ ಎಂಜಿನ್ನಿನಲ್ಲಿ ಪ್ಲಗ್ ಬಿಚ್ಚುವುದೂ ಅಷ್ಟೇ ಕೆಟ್ಟದ್ದು. ಕಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಮೆತ್ತಗೂ ಆಗಿರುತ್ತದೆ. ತಣ್ಣಗಾಗಲು ಬಿಡಿ.

ಥ್ರೆಡ್ ಹೋದ ಹತ್ತರ ಪ್ಲಗ್ ತೂತಿಗೆ ನಮ್ಮ ಸೀಮೆಯ ಲೇತ್‌ನವರು ಮಾಡಿಕೊಡುವ ಹಿತ್ತಾಳೆ ಬುಶ್ ಒಳ್ಳೆಯ ಪರಿಹಾರ. ಒಳಗೆ 10ರ ಥ್ರೆಡ್, ಹೊರಗೆ 14ರ ಥ್ರೆಡ್, ಮೇಲೆ ಪ್ಲಗ್ ವಾಷರ್ ಕೂರಲು ಸಣ್ಣ ಅಂಚು. ಕಾದಾಗ ಹಿತ್ತಾಳೆ ಹಿಗ್ಗುವುದು ಉಕ್ಕಿಗಿಂತ ಅಲ್ಯೂಮಿನಿಯಂಗೆ ಹತ್ತಿರ, ಹಾಗಾಗಿ ಸಡಿಲವಾಗುವ ಭಯ ಕಡಿಮೆ. ಉದ್ದ ಸರಿಯಾಗಿರಬೇಕು. ಬುಶ್ ಒಳಗೆ ಚಾಚಿಕೊಂಡರೆ ಆ ಅಂಚು ಕಾದು ಕೆಂಪಾಗಿ ಪ್ಲಗ್ಗಿಗಿಂತ ಮೊದಲೇ ಪೆಟ್ರೋಲನ್ನು ಉರಿಸುತ್ತದೆ. ಥ್ರೆಡ್‌ಗೆ ಹಚ್ಚುವ ಅಂಟನ್ನು ಇಲ್ಲಿ ನಂಬಬೇಡಿ, ಆ ಶಾಖಕ್ಕೆ ಅದು ಬಿಟ್ಟುಕೊಳ್ಳುತ್ತದೆ. ಬುಶ್ಶಿನ ಕೆಳ ಅಂಚನ್ನು ಒಳಗಿನಿಂದ ಪಂಚ್ ಹೊಡೆದು ಅಲ್ಲಲ್ಲಿ ಅರಳಿಸಿದರೆ ಪ್ಲಗ್ ಬಿಚ್ಚುವಾಗ ಬುಶ್ ಜೊತೆಗೆ ತಿರುಗಿ ಬರುವುದಿಲ್ಲ. ವಾಲ್ವ್ ಸೀಟುಗಳ ನಡುವೆ ಎಷ್ಟು ಲೋಹ ಇದೆಯೆಂದು ನೋಡಿ, ಬಿರುಕು ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

8. ಜಾವಾದ ಸೈಲೆನ್ಸರ್ ನಟ್

ಈ ಜಿಲ್ಲೆಯಲ್ಲಿ ಗ್ಯಾರೇಜ್ ಇಟ್ಟವರಿಗೆ ಇದು ಬಿಡದ ಕೆಲಸ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಗಾಡಿಗಳು ತಯಾರಾದವು, 1996ರಲ್ಲಿ ಅದು ಮುಚ್ಚಿತು. ಅಲ್ಲಿಂದ ಬಂದ ಜಾವಾ, ಯೆಜ್ಡಿಗಳು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಓಡುತ್ತಿವೆ, ಅವನ್ನು ಉಳಿಸಿಕೊಳ್ಳಬೇಕೆಂಬ ಆಸೆ ಮಕ್ಕಳಿಗೂ ಬಂದಿದೆ. ಅದಕ್ಕಿಂತ ಸಂತೋಷದ ಸಂಗತಿ ನನಗೆ ಬೇರಿಲ್ಲ.

ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ ಈ ಗಾಡಿಗಳಲ್ಲಿ ಪೈಪನ್ನು ಸಿಲಿಂಡರಿನ ಬಾಯಿಗೆ ಹಿಡಿದಿರುವುದು ಉಂಗುರದಂಥ ದೊಡ್ಡ ನಟ್. ಓಡುವಾಗಿನ ಅದುರಿಗೆ, ಶಾಖಕ್ಕೆ ಅದು ಸ್ವಲ್ಪ ಸ್ವಲ್ಪವೇ ಸಡಿಲಾಗುತ್ತದೆ. ಶಬ್ದ ಬದಲಾದರೂ ಓಡಿಸುತ್ತಲೇ ಹೋದರೆ ನಟ್ ಅಲ್ಲಾಡುತ್ತಾ ಬಾಯಿಯ ಥ್ರೆಡ್ಡನ್ನು ಬಡಿದು ಬಡಿದು ತೇಯುತ್ತದೆ. ಅದಕ್ಕೆ ಉಳಿ, ಸುತ್ತಿಗೆ ಹಿಡಿದು ಬಿಗಿ ಮಾಡುವವರು ನಟ್ಟಿನ ಅಂಚನ್ನೂ ಕೆಡಿಸುತ್ತಾರೆ. ಕೊಕ್ಕೆ ಸ್ಪ್ಯಾನರ್ ಒಂದನ್ನು ಮಾಡಿಸಿಟ್ಟುಕೊಳ್ಳಿ. ಗಾಡಿ ಓಡಿ ಬಿಸಿಯಾಗಿ, ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಸಿಲಿಂಡರ್ ಬೀಡಿನದು. ಅಲ್ಯೂಮಿನಿಯಂನಂತೆ ಅದರ ಥ್ರೆಡ್ ಸುರುಳಿಯಾಗಿ ಬರುವುದಿಲ್ಲ, ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮೊದಲು ಟೂ ಸ್ಟ್ರೋಕ್ ಆಯಿಲ್ ಉರಿದು ಕಟ್ಟಿದ ಕಾರ್ಬನ್ ಪೂರ್ತಿ ತೆಗೆಯಿರಿ. ಥ್ರೆಡ್ ಹೋಗಿದೆ ಎಂದುಕೊಂಡದ್ದು ಹಲವು ಸಲ ಕಾರ್ಬನ್ ತುಂಬಿದ್ದಷ್ಟೇ ಆಗಿರುತ್ತದೆ. ಸ್ವಲ್ಪ ತೇದಿದ್ದರೆ ಲೇತ್‌ನಲ್ಲಿ ಆ ಥ್ರೆಡ್ಡನ್ನು ಶುದ್ಧ ಮಾಡಿಸಿ, ಬಂದ ಅಳತೆಗೆ ಹೊಸ ನಟ್ ಮಾಡಿಸಿ. ಬಾಯಿಯನ್ನು ಕೆಡಿಸದೆ ನಟ್ಟನ್ನು ಅದಕ್ಕೆ ಹೊಂದಿಸುವ ಈ ದಾರಿಯೇ ನನಗೆ ಇಷ್ಟ. ಪೂರ್ತಿ ಉದುರಿದ್ದರೆ ಸಿಲಿಂಡರನ್ನು ಒಂದೇ ಸಮನೆ ಕಾಯಿಸಿ ಲೋಹ ತುಂಬಿಸಿ, ನಿಧಾನಕ್ಕೆ ಆರಲು ಬಿಟ್ಟು, ಹೊಸ ಥ್ರೆಡ್ ಕಡಿಸಬೇಕು. ಆತುರದಲ್ಲಿ ತಣ್ಣೀರು ಎರಚಿದರೆ ಬೀಡು ಬಿರಿಯುತ್ತದೆ. ಈ ಕೆಲಸವನ್ನು ಬೀಡಿನ ವೆಲ್ಡಿಂಗ್ ಬಲ್ಲವರಿಗೇ ಕೊಡಿ. ಆಮೇಲೆ ಬೋರ್ ಅಳೆದು ನೋಡಿ, ಶಾಖಕ್ಕೆ ಅದು ಸೊಟ್ಟಗಾಗಿರಬಹುದು.

9. ಮುರಿದ ಬೋಲ್ಟಿನ ಮುಂದೆ ಕೂತು ಯೋಚಿಸಿ

ನಟ್ಟನಡುವೆ ಪಂಚ್ ಗುರುತು, ಆಮೇಲೆ ಸಣ್ಣ ಡ್ರಿಲ್. ಗುರುತು ಪಕ್ಕಕ್ಕೆ ಸರಿದರೆ ಡ್ರಿಲ್ ಮೆತ್ತಗಿರುವ ಅಲ್ಯೂಮಿನಿಯಂ ಕಡೆಗೇ ಜಾರುತ್ತದೆ. ತುಂಡು ಮೇಲೆ ಚಾಚಿಕೊಂಡಿದ್ದರೆ ಅದಕ್ಕೆ ನಟ್ ವೆಲ್ಡ್ ಮಾಡಿ ತಿರುಗಿಸುವುದು ಎಲ್ಲಕ್ಕಿಂತ ಸುಲಭ, ಆ ಶಾಖವೂ ತುಕ್ಕನ್ನು ಬಿಡಿಸುತ್ತದೆ. ತುಂಡನ್ನು ತಿರುಗಿಸಿ ತೆಗೆಯಲು ಡ್ರಿಲ್ ಮಾಡಿದ ತೂತಿಗೆ ಹಾಕುವ ಎಕ್ಸ್‌ಟ್ರ್ಯಾಕ್ಟರ್ ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಅದರ ಮೇಲೆ ಕೆಲಸ ಮಾಡದು.

10. ಜಾತ್ರೆ ದಾರಿಯ ಉಪಾಯ ಊರು ಸೇರುವವರೆಗೆ ಮಾತ್ರ

ನಂಜನಗೂಡಿನ ದೊಡ್ಡ ಜಾತ್ರೆಗೆ, ಸುತ್ತೂರು ಜಾತ್ರೆಗೆ, 1989ರಲ್ಲಿ ಶುರುವಾದ ತಿ. ನರಸೀಪುರದ ಕುಂಭಮೇಳಕ್ಕೆ ದೂರದೂರದಿಂದ ಬೈಕಿನಲ್ಲಿ ಬರುತ್ತಾರೆ. 2025ರ ಫೆಬ್ರವರಿಯ ಮೇಳದಲ್ಲೂ ಹಾಗೆಯೇ. ದಾರಿಯಲ್ಲಿ ಡ್ರೈನ್ ಬೋಲ್ಟ್ ಹೋದರೆ ಟೆಫ್ಲಾನ್ ಟೇಪು ಸುತ್ತಿ, ಸುತ್ತಲೂ ಎಂ-ಸೀಲ್ ಮೆತ್ತಿ ಮನೆಗೆ ಕಳಿಸಬಹುದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದವರನ್ನು ರಾತ್ರಿ ರಸ್ತೆಯಲ್ಲಿ ನಿಲ್ಲಿಸಲಾಗದು. ಆದರೆ ಟೇಪಿನ ಎಳೆ ಒಳಗೆ ಸೇರಿದರೆ ಆಯಿಲ್ ಜಾಲರಿಯನ್ನು ಕಟ್ಟಿಕೊಳ್ಳುತ್ತದೆ. ಹಾಗೆ ಕಳಿಸುವಾಗ "ಊರಿಗೆ ಹೋದ ತಕ್ಷಣ ಇದನ್ನ ಬಿಚ್ಚಿಸಿ ಸರಿ ಮಾಡಿಸಿ ಬುದ್ಧಿ, ಹೀಗೇ ಓಡಿಸ್ಬೇಡಿ" ಎಂದು ಎರಡು ಸಲ ಹೇಳಬೇಕು.

11. ಏನು ಮಾಡಿದ್ದೀರೆಂದು ಗಾಡಿಯ ಮೇಲೆ ಬರೆಯಿರಿ

14ಕ್ಕೆ ಏರಿಸಿದ ಡ್ರೈನ್ ತೂತಿಗೆ ಮುಂದಿನ ಮೆಕ್ಯಾನಿಕ್ ಹಳೆಯ 12ರ ಬೋಲ್ಟ್ ತಂದು ಒದ್ದಾಡಬಾರದು. ಎಡ ಥ್ರೆಡ್ಡೆಂದು ಗೊತ್ತಿಲ್ಲದೆ ಯಾರೂ ತಿರುಚಬಾರದು. ಬದಲಿಸಿದ ಅಳತೆಯನ್ನು ನಾನು ತೂತಿನ ಪಕ್ಕದ ಲೋಹದ ಮೇಲೆ ಅಕ್ಷರದ ಪಂಚಿನಿಂದ ಸಣ್ಣಗೆ ಹೊಡೆಯುತ್ತೇನೆ, ಸರ್ವಿಸ್ ಪುಸ್ತಕ ಇದ್ದರೆ ಅದರಲ್ಲೂ ಬರೆಯುತ್ತೇನೆ. ಮಾಲೀಕರಿಗೆ ಹಳೆಯ ಬೋಲ್ಟನ್ನೂ, ಅದಕ್ಕೆ ಸುತ್ತಿಕೊಂಡು ಬಂದ ಅಲ್ಯೂಮಿನಿಯಂ ಎಳೆಯನ್ನೂ ಕೈಯಲ್ಲಿ ಕೊಟ್ಟು ತೋರಿಸುತ್ತೇನೆ. ಅದನ್ನು ಕಂಡವರು ಮುಂದಿನ ಸಲ ಆಯಿಲ್ ಬದಲಿಸುವಾಗ ತಾವೇ ಹೊಸ ವಾಷರ್ ಕೇಳಿ ಹಾಕಿಸುತ್ತಾರೆ.

ನನ್ನ ಬಳಿ ಕಲಿಯುವ ಹುಡುಗರಿಗೆ ಗುಜರಿಯಿಂದ ತಂದ ಕ್ರ್ಯಾಂಕ್‌ಕೇಸ್ ಕೊಟ್ಟು, ಅದರ ಒಂದೊಂದೇ ತೂತನ್ನು ಕೆಡಿಸಿ ಸರಿಮಾಡಲು ಹೇಳುತ್ತೇನೆ. ಬೋಲ್ಟ್ ಬೆರಳಿನಲ್ಲೇ ತಳದವರೆಗೆ ಇಳಿದು, ಬಿಗಿ ಕೊಟ್ಟ ಮೇಲೆ ತಲೆಯ ಸುತ್ತ ಎಲ್ಲೂ ಸಂದು ಕಾಣದಿದ್ದರೆ ಗಿರಾಕಿಯ ಗಾಡಿ ಮುಟ್ಟಲು ಬಿಡುತ್ತೇನೆ.